ಫುಮಿ ಅಜ್ಜಿಯ ಮನೆಯ ಹಿಂದಿನ ಗುಡ್ಡ

ಹುಡುಗಿ ನೋಡಲು ಬಂದವನು ಹುಡುಗಿಯನ್ನೇ ನೋಡಲಿಲ್ಲ!

ಶಿರಸಿಯ ಆ ಪುಟ್ಟ ಮನೆಯಲ್ಲಿ ಸಲೋಮಿ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು. ಉಲ್ಲಾಸನ ಕಣ್ಣು ಅವಳ ಭುಜದಾಚೆ, ಗೋಡೆಯ ಬಿರುಕಿನ ಮೇಲೆ ನೆಟ್ಟಿತ್ತು.

"ಇದು ಯಾವಾಗಿಂದ ಇದೆ?" ಅದು ಅವನ ಮೊದಲ ಮಾತು.

"ನಂಗೊತ್ತಿಲ್ಲ..."

"ಮಳೆಗಾಲದಲ್ಲಿ ದೊಡ್ಡದಾಗ್ತದಾ?"

ಆಗ ಅವನು ತಲೆಯೆತ್ತಿ ಅವಳನ್ನು ನೋಡಿದ. ಸಲೋಮಿ ಆಸ್ಪತ್ರೆಯಲ್ಲಿ ನರ್ಸ್. ಭಯ ತುಂಬಿದ ಕಣ್ಣುಗಳನ್ನು ದಿನವೂ ಕಂಡವಳು. ಆದರೂ ಎದೆ ಝಲ್ಲೆಂದಿತು!

'ಇಂಥ ಕಣ್ಣಿನವನನ್ನ ಒಂಟಿಯಾಗಿ ಬಿಡಬಾರದು...' ಅಂದುಕೊಂಡಳು. ಒಪ್ಪಿದಳು.

ಚರ್ಚಿನ ಸಭೆಯ ಹಿರಿಯರ ಮುಂದೆ ಮದುವೆಯಾಯಿತು. ಯಲ್ಲಾಪುರದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಉಲ್ಲಾಸ ಒಳ್ಳೆಯವನೇ. ಬೈಯಲಿಲ್ಲ, ಕುಡಿಯಲಿಲ್ಲ. ಆದರೆ ಹತ್ತಿರವೂ ಬರಲಿಲ್ಲ! ಮೋಡ ಕಟ್ಟಿದರೆ ಸಾಕು, ಊಟದ ತಟ್ಟೆ ಬಿಟ್ಟೆದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ.

"ಎಂತ ಆತು?" ಎಂದರೆ,

"ಎಂತ ಇಲ್ಲ" ಅಷ್ಟೇ.

ಪಕ್ಕದ ಮನೆಯ ಸೀತಮ್ಮ ಒಮ್ಮೆ, "ಅವನಿಗೆ ಗುಡ್ಡದ ಹುಚ್ಚು ಅಂತಾರಲ್ಲೆ..." ಎಂದು ಶುರುಮಾಡಿ, ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದಳು.

ಹೀಗಿರುವಾಗಲೇ ಜಪಾನಿನ ಕರೆ ಬಂತು.

ಅಲ್ಲಿನ ಕಡಲ ತೀರದ ಒಂದು ಹಳ್ಳಿಯಲ್ಲಿ ಭೂಕಂಪವಾಗಿತ್ತು. ಉಳಿದವರಲ್ಲಿ ಹೆಚ್ಚಿನವರು ಮುದುಕರು. ಅಲ್ಲಿನ ಪುಟ್ಟ ಸಭೆಯ ಪಾಸ್ಟರ್ ಮೋರಿ ಕೆಲವು ವಾರಗಳ ಸೇವೆಗೆ ಒಂದು ಜೋಡಿಯನ್ನು ಕಳಿಸಿಕೊಡಿ ಎಂದು ಕೇಳಿದ್ದರು. ನರ್ಸ್ ಹೆಂಡತಿ, ವೈರಿಂಗ್ ಬಲ್ಲ ಗಂಡ. ಶಿರಸಿಯ ಪಾಸ್ಟರ್ ಇವರನ್ನೇ ಆರಿಸಿದರು.

"ರೋಗಿಗಳನ್ನ ನೋಡಿ, ಪ್ರಾರ್ಥನೆ ಮಾಡಿ. ಆದರೆ ಅವರ ಮನೆಯ ಪೂಜೆ ಸಾಮಾನು ಮಾತ್ರ ಮುಟ್ಟಬೇಡಿ. ನೆನಪಿರಲಿ!" ಎಂದು ಎಚ್ಚರಿಸಿದ್ದರು.

ಆ ಹಳ್ಳಿಗೆ ಕಾಲಿಟ್ಟಾಗ ಹನಿಯುತ್ತಿತ್ತು. ಒಂದು ಕಡೆ ಬೂದಿ ಬಣ್ಣದ ಕಡಲು, ಇನ್ನೊಂದು ಕಡೆ ಕಡಿದಾದ ಗುಡ್ಡ. ಗುಡ್ಡದ ಬುಡದಲ್ಲೇ ಫುಮಿ ಅಜ್ಜಿಯ ಮನೆ. ಮಕ್ಕಳಿಲ್ಲದ ಒಂಟಿ ಜೀವ. ಅಜ್ಜಿ ಸಲೋಮಿಯ ಕೈ ಹಿಡಿದು ನಕ್ಕಳು. ಭಾಷೆ ಬಾರದಿದ್ದರೂ ಸಲೋಮಿಗೆ ಅಮ್ಮನ ನೆನಪಾಯಿತು.

ಉಲ್ಲಾಸ ಮಾತ್ರ ನಗಲಿಲ್ಲ. ಗುಡ್ಡವನ್ನೇ ನೋಡುತ್ತಿದ್ದ. ಮುಖ ಬಿಳಿಚಿಕೊಂಡಿತ್ತು...

ಅಂದಿನಿಂದ ಅವನು ಇನ್ನೂ ದೂರವಾದ. ಕೆಲಸ ಮುಗಿದೊಡನೆ ಒಬ್ಬನೇ ಗುಡ್ಡ ಹತ್ತುತ್ತಿದ್ದ. ಬೂಟಿಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದ. ಪ್ರಾರ್ಥನೆಗೆ ಕುಳಿತರೂ ಕಿವಿ ಹೊರಗಿನ ಮಳೆಯ ಕಡೆ.

ಒಂದು ಮಧ್ಯಾಹ್ನ ಅವನು ಊರಿನ ಅಣ್ಣನ ಹತ್ತಿರ ಫೋನಿನಲ್ಲಿ ಮಾತಾಡುವುದು ಅವಳ ಕಿವಿಗೆ ಬಿತ್ತು.

"ಅವಳನ್ನ ಕರ್ಕಂಡು ಬರಬಾರದಿತ್ತು ಅಣ್ಣಾ... ಇಲ್ಲಿ ಇಟ್ಕಳೂಕೆ ಆಗ್ತಾ ಇಲ್ಲ ನನ್ನ ಹತ್ರ. ಹೆಂಗಾದ್ರೂ ಮಾಡಿ ವಾಪಸ್ ಕಳಿಸ್ತೆ."

ಸಲೋಮಿಗೆ ನಿಂತ ನೆಲವೇ ಜಾರಿದಂತಾಯಿತು!

'ನಾನು ಅಷ್ಟು ಭಾರವಾದೆನಾ? ಬೇಡ ಅನ್ನೋದಾದ್ರೆ ಮದುವೆ ಎಂತಕ್ಕೆ ಆದ್ರು?'

ಅವಳು ಅಳಲಿಲ್ಲ. ಬಿ.ಪಿ. ನೋಡುವ ಯಂತ್ರ ಎತ್ತಿಕೊಂಡು ನೇರ ಫುಮಿ ಅಜ್ಜಿಯ ಮನೆಗೆ ನಡೆದಳು. ಊರಿಗೆ ಹೋದೊಡನೆ ಅಮ್ಮನ ಮನೆ ಸೇರಿಬಿಡಬೇಕು ಎಂದು ದಾರಿಯಲ್ಲೇ ತೀರ್ಮಾನಿಸಿದ್ದಳು.

ಅಜ್ಜಿಯ ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಏನೋ ಕಡಿಮೆಯಾದಂತೆ ಅನಿಸಿತು. ಹಿತ್ತಲಲ್ಲಿ ಸದಾ ಸುರಿಯುತ್ತಿದ್ದ ಗುಡ್ಡದ ಒರತೆಯ ಸದ್ದು... ಇರಲಿಲ್ಲ. ಹಕ್ಕಿಗಳ ಸದ್ದೂ ಇರಲಿಲ್ಲ. ಅಜ್ಜಿಯೂ ಕಿವಿಗೊಟ್ಟು ಹುಬ್ಬು ಗಂಟಿಕ್ಕಿದಳು.

ಬಾಗಿಲು ದಡಾರನೆ ಸರಿಯಿತು. ಉಲ್ಲಾಸ!

"ಸಲೋಮಿ, ಏಳು! ಅಜ್ಜಿನ ಎಬ್ಬಿಸು! ಗುಡ್ಡ ಜರಿದು ಬರ್ತದೆ!"

ಅವನ ಹಿಂದೆ ಪಾಸ್ಟರ್ ಮೋರಿ ಏದುಸಿರು ಬಿಡುತ್ತಿದ್ದರು. ಸರ್ಕಾರದವರು ಗುಡ್ಡ ನೋಡಿ ಹೋಗಿದ್ದಾರೆ, ತೊಂದರೆ ಇಲ್ಲ ಅಂದಿದ್ದಾರೆ ಎಂದು ಅರೆಬರೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತಿದ್ದರು.

ಸಲೋಮಿ ಕದಲಲಿಲ್ಲ.

"ನನ್ನನ್ನ ಕಳಿಸಬೇಕು ಅಲ್ವಾ ನಿಮಗೆ? ಕೇಳಿಸ್ಕಂಡೆ ನಾನು. ನಾನೇ ಹೋಗ್ತೆ. ಈ ನಾಟಕ ಎಲ್ಲ ಎಂತಕ್ಕೆ?"

ಉಲ್ಲಾಸ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

"ನನ್ನ ತಂಗಿ... ಅವಳ ಮನೆ ಹಿಂದೂ ಹಿಂಗೇ ಒರತೆ ನೀರು ಬರೂದು ನಿಂತಿತ್ತು. ಓಡಿ ಅಂತ ಕೂಗ್ದೆ. ಹುಚ್ಚ ಅಂದ್ರು. ನಕ್ಕಂಡು ಚಹಾ ಮಾಡೂಕೆ ಒಳಗೆ ಹೋದ್ಳು ಅವಳು..." ಅವನು ಒಳಗೆ ಹೆಜ್ಜೆಯಿಟ್ಟ. "ಮಣ್ಣೊಳಗೆ ಅವಳ ಕೈ ಅಷ್ಟೇ ಕಂಡಿದ್ದು. ನೀನಾದ್ರೂ ನನ್ನ ಮಾತು ಕೇಳು!"

ಅದೇ ಕಣ್ಣು. ಶಿರಸಿಯ ಮನೆಯಲ್ಲಿ ಕಂಡಿದ್ದ ಅದೇ ಭಯ. ಅದು ತನ್ನನ್ನು ಕಳೆದುಕೊಳ್ಳುವ ಭಯವೂ ಆಗಿತ್ತೇ?

"ಅಜ್ಜಿ, ಏಳಿ!" ಸಲೋಮಿ ಎದ್ದಳು.

ಆದರೆ ಅಜ್ಜಿ ಒಲ್ಲೆನೆಂದು ತಲೆಯಾಡಿಸಿ ಏನೋ ಹೇಳಿದಳು. ತೆವಳಿಕೊಂಡು ಹೋಗಿ ಮೂಲೆಯ ಮರದ ಪೂಜಾ ಮಂಟಪವನ್ನು ತಬ್ಬಿಕೊಂಡಳು. ಒಳಗೆ ಕಡಲಲ್ಲಿ ತೀರಿಕೊಂಡ ಗಂಡನ ಹೆಸರು ಕೆತ್ತಿದ ಪುಟ್ಟ ಕಪ್ಪು ಫಲಕವಿತ್ತು.

ಗಂಡನನ್ನು ಬಿಟ್ಟು ಬರುವುದಿಲ್ಲ ಅನ್ನುತ್ತಿದ್ದಾರೆ ಎಂದು ಮೋರಿ ಅದೇ ಇಂಗ್ಲಿಷಿನಲ್ಲಿ ತಿಳಿಸಿದರು.

ಹಿತ್ತಲಲ್ಲಿ ಎಲ್ಲೋ ಬೇರು ಕಿತ್ತ ಸದ್ದು... ಪಟ್!

ಶಿರಸಿಯ ಪಾಸ್ಟರ್ ಮಾತು ಸಲೋಮಿಯ ತಲೆಯಲ್ಲಿ ಮೊಳಗಿತು. ಮುಟ್ಟಬೇಡಿ!

'ಕರ್ತನೇ, ತಪ್ಪಾದರೆ ನನ್ನನ್ನೇ ಕೇಳು.'

ಅವಳು ತನ್ನ ವೇಲ್ ತೆಗೆದು ನೆಲದ ಮೇಲೆ ಹಾಸಿದಳು. ಎರಡೂ ಕೈಯಿಂದ ಫಲಕವನ್ನು ಎತ್ತಿ, ಮಗುವನ್ನು ಸುತ್ತಿದಂತೆ ಸುತ್ತಿ ಒಂದು ಕೈಯಲ್ಲಿ ಎದೆಗೊತ್ತಿಕೊಂಡಳು. ಮತ್ತೊಂದು ಕೈ ಅಜ್ಜಿಯತ್ತ ಚಾಚಿದಳು.

ಅಜ್ಜಿ ಅವಳನ್ನೇ ನೋಡಿದಳು. ನಿಧಾನಕ್ಕೆ ಆ ಕೈ ಹಿಡಿದಳು.

ಉಲ್ಲಾಸ ಅಜ್ಜಿಯನ್ನು ಬೆನ್ನಿಗೇರಿಸಿಕೊಂಡು ಓಡಿದ. ಮುಂದೆ ಸಲೋಮಿ, ಹಿಂದೆ ಮೋರಿ. ಹಳ್ಳಿಯ ಶಾಲೆಯ ಅಂಗಳ ಮುಟ್ಟುವ ಮೊದಲೇ ಬೆನ್ನ ಹಿಂದೆ ನೆಲ ಗುಡುಗಿತು!

ತಿರುಗಿ ನೋಡಿದರೆ ಮನೆಯಿರಲಿಲ್ಲ. ಕೆಂಪು ಮಣ್ಣು, ತಲೆಕೆಳಗಾದ ಮರಗಳು...

ಮೋರಿ ಮಳೆಯಲ್ಲೇ ಉಲ್ಲಾಸನ ಮುಂದೆ ಕ್ಷಮೆ ಕೇಳುವಂತೆ ಸೊಂಟ ಬಗ್ಗಿಸಿ ನಿಂತರು. ಬಹಳ ಹೊತ್ತು ತಲೆಯೆತ್ತಲಿಲ್ಲ.

ಶಾಲೆಯ ಹಾಲ್‌ನಲ್ಲಿ ಅಜ್ಜಿ ಫಲಕವನ್ನು ಮಡಿಲಲ್ಲಿಟ್ಟುಕೊಂಡು ಕಂಬಳಿ ಹೊದ್ದು ಕುಳಿತಳು. ಕಿಟಕಿಯ ಬಳಿ ಸಲೋಮಿ ಗಂಡನ ಪಕ್ಕ ಕುಳಿತಳು.

"ಮದುವೆಗೆ ಮೊದಲೇ ಯಾಕೆ ಹೇಳಲಿಲ್ಲ?"

"ನೀನೂ ಹುಚ್ಚ ಅಂದ್ರೆ... ಅಂತ ಹೆದರಿಕೆ."

"ಮತ್ತೆ ನನ್ನ ಹತ್ರ ಯಾಕೆ ಬರ್ತಿರಲಿಲ್ಲ?"

ಉಲ್ಲಾಸ ತಲೆ ತಗ್ಗಿಸಿದ. "ಹಚ್ಚಿಕೊಂಡೋರನ್ನ ಮತ್ತೆ ಮಣ್ಣಲ್ಲಿ ಹುಡುಕೂಕೆ ನನ್ನ ಹತ್ರ ಆಗೂದಿಲ್ಲ ಸಲೋಮಿ. ದೂರ ಇದ್ರೆ ನೋವು ಕಡಿಮೆ ಅಂದ್ಕಂಡೆ. ಇವತ್ತು ನೀನು ಆ ಮನೆಯೊಳಗೆ ಇದ್ದಿ ಅಂತ ಗೊತ್ತಾದಾಗ... ಎಂತದೂ ಕಡಿಮೆ ಆಗಿರಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಫಲಕ ಮುಟ್ಟಿದ್ದಕ್ಕೆ ಶಿರಸಿಯಲ್ಲಿ ಸಭೆಯವರು ಏನು ಕೇಳುತ್ತಾರೋ, ಏನು ಹೇಳಬೇಕೋ ಗೊತ್ತಿರಲಿಲ್ಲ. ಆದರೆ ಯಾರ ಜೊತೆ ನಿಂತು ಹೇಳಬೇಕು ಎಂಬುದು ಗೊತ್ತಿತ್ತು.

ಹೊರಗೆ ಮಳೆ ಮತ್ತೆ ಜೋರಾಯಿತು. ಉಳಿದ ಗುಡ್ಡ ಮಂಜಿನೊಳಗೆ ಕಪ್ಪಗೆ ನಿಂತಿತ್ತು. ಉಲ್ಲಾಸ ಏಳಲು ಹೊರಟ. ಸಲೋಮಿ ಅವನ ಕೈ ಹಿಡಿದು ಕೂರಿಸಿದಳು.

"ಎಂತ ನೋಡ್ಬೇಕು? ನನಗೂ ಹೇಳಿ."

"ಆ ತುದಿಯ ಮರ... ವಾಲ್ತದಾ ನೋಡು."

ಅವಳು ಕಣ್ಣು ಕಿರಿದು ಮಾಡಿ ದಿಟ್ಟಿಸಿದಳು. "ಇಲ್ಲ. ನೆಟ್ಟಗಿದೆ."

"ನಿಜವಾಗ್ಲೂ?"

"ನಿಜವಾಗ್ಲೂ. ನೀವು ಸ್ವಲ್ಪ ಒರಗಿ. ನಾನು ನೋಡ್ತಾ ಇರ್ತೆ."

ಉಲ್ಲಾಸ ಹೆಂಡತಿಯ ಭುಜಕ್ಕೆ ತಲೆಯಿಟ್ಟ. ಮದುವೆಯಾದ ಮೇಲೆ ಮೊದಲ ಸಲ, ಮಳೆ ಸುರಿಯುತ್ತಿರುವಾಗಲೇ, ಅವನಿಗೆ ನಿದ್ದೆ ಬಂತು.