ಸುಣ್ಣ ಬಳಿಯದ ಜಾಗ

ಫೆಬ್ರವರಿ 11, ಬೆಳಿಗ್ಗೆ 7.50. ತಮಿಳು ಸೀಮೆಯ ಬಾಗಲೂರು ಠಾಣೆಗೆ ಓಡಿಬಂದ ಮನೆಗೆಲಸದ ಭಾನು, "ಫಾರಿನ್ ಅಮ್ಮನ್ನ ಸಾಯ್ಸ್‌ಬುಟ್ಟವ್ರೆ" ಎಂದು ದೂರು ಕೊಟ್ಟಳು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಚಂದ್ರಲೇಖಾ, ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮೀಪತಿ ಸ್ಥಳಕ್ಕೆ ಹೊರಟರು.

ಸತ್ತವಳು ಸ್ವೀಡನ್ನಿನ ಚಿತ್ರಕಲಾವಿದೆ ಮಾಲಿನ್, ಐವತ್ತೆಂಟು ವರ್ಷ. ಸುತ್ತಿಗೆಯ ಐದು ಏಟಿಗೆ ಬುರುಡೆ ಒಡೆದು ಎದುರಿನ ಕ್ಯಾನ್ವಾಸಿನ ಮೇಲೆಲ್ಲ ರಕ್ತ ಸಿಡಿದಿತ್ತು. ಗೋಣಿಚೀಲ, ತುಕ್ಕು ತಗಡು, ಮರಳು ಎಲ್ಲವನ್ನೂ ಅಂಟಿಸಿದ್ದ ಚಿತ್ರ ಅದು. ಪಂಚನಾಮೆ ಬರೆಯುತ್ತಿದ್ದ ಲಕ್ಷ್ಮೀಪತಿ ಪೇಚಿಗೆ ಬಿದ್ದ.

"ಮೇಡಂ, ಇದ್ರಾಗೆ ಯಾವ್ದು ಬಣ್ಣ, ಯಾವ್ದು ರಕ್ತ?"

"ಇರುವೆ ಮುತ್ತಿರೋದು ರಕ್ತ. ಬರ್ಕೊಳ್ಳಿ."

ಮೇಜಿನ ಮೇಲಿನ ಪುಸ್ತಿಕೆಯಲ್ಲಿ ಆಕೆಯ ಮೂವತ್ತು ವರ್ಷದ ಕೆಲಸವಿತ್ತು: ಮೊದಲು ಹಿಮದ ಕಾಡುಗಳ ತೈಲಚಿತ್ರ, ಆಮೇಲೆ ಬಣ್ಣ ಸಾಲದೆ ಬೂದಿ, ಹಳೇ ಬಟ್ಟೆ, ಕೊನೆಗೆ ಊರೂರಿನ ಗೋಡೆಯ ಗಾರೆ. ಹೆಸರು ಬಂದದ್ದು ಗಾರೆಯಿಂದ. ಗೋಡೆಗೆ ಒಬ್ಬ ಯಜಮಾನ ಇರುತ್ತಾನೆಂಬುದು ಮಾತ್ರ ಆಕೆಯ ತಲೆಗೆ ಹೋಗಿರಲಿಲ್ಲ.

ಕ್ಯಾನ್ವಾಸಿನ ನಡುವೆ ಮೊರದಗಲ ಕಿತ್ತುಹೋಗಿತ್ತು. ಹಿಂದಿನ ಕೋಣೆಯ ಗೋಡೆಯಲ್ಲೂ ಅಷ್ಟೇ ಅಗಲ ಗಾರೆಯಿಲ್ಲ. ಚಂದ್ರಲೇಖಾ ಅಂಚು ಸವರಿದರು. ಸುತ್ತಲೂ ವರ್ಷವರ್ಷದ ಸುಣ್ಣ ಪದರಪದರವಾಗಿ ದಪ್ಪಗಟ್ಟಿತ್ತು. ಅಂಚಲ್ಲಿ ಉಳಿದ ಕೆಮ್ಮಣ್ಣಿನ ಮೇಲೆ ಸುಣ್ಣದ ಒಂದು ಹನಿಯೂ ಇಲ್ಲ.

"ಸುಣ್ಣ ಬಳಿವಾಗೆಲ್ಲ ಇಷ್ಟು ಜಾಗ ಬಿಟ್ಟವ್ರೆ. ಮನೆ ಯಾರ್ದು?"

"ವೆಂಕಟೇಶಪ್ಪಂದು. ಪಕ್ಕದ ತೋಟದಾಗವ್ರೆ."

11.20. ವೆಂಕಟೇಶಪ್ಪ ಜಗಲಿಯಲ್ಲೇ ಕೂತಿದ್ದ. ಉಗುರಿನಲ್ಲಿ ಕಪ್ಪು ಬಣ್ಣ.

"ನಿನ್ನೆ ಸಂಜೆ ಎಲ್ಲಿದ್ರಿ ಯಜಮಾನ್ರೇ?"

"ಅಲ್ಲೇ ಇದ್ದೆ."

"ಗೋಡೇಲಿ ಏನಿತ್ತು?"

"ಮಗಳ ಕೈ."

ಶ್ಯಾಮಲಾ ಐದು ವರ್ಷದವಳಿದ್ದಾಗ ಹಸಿ ಕೆಮ್ಮಣ್ಣಿಗೆ ಅಂಗೈ ಒತ್ತಿದ್ದಳು. ಮೂರು ವರ್ಷದ ಹಿಂದೆ, ಮೂಕಂಡಪಲ್ಲಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗುವಾಗ ವ್ಯಾನು ಮಗುಚಿ ಸತ್ತಳು. ಬೀಗ ಹಾಕಿದ ಮನೆ ಹಾಳಾದೀತೆಂದು ಅಪ್ಪ ಬಾಡಿಗೆಗೆ ಕೊಟ್ಟಿದ್ದ. ಗೋಡೆ ಕೀಳಬೇಡಿ ಎಂದು ಯಾರಾದರೂ ಬಾಡಿಗೆಯವರಿಗೆ ಹೇಳುತ್ತಾರೆಯೆ?

"ವಾಪಸ್ ಕೊಡಮ್ಮ ಅಂದೆ. ಮಾರಾಟ ಆಗೋಯ್ತು, ನಮ್ ದೇಶದಾಗೆ ಸಾವ್ರ ಜನ ನೋಡ್ತಾರೆ ಅಂತ ಅರ್ಧಂಬರ್ಧ ತಮಿಳ್ನಾಗೆ ಹೇಳಿದ್ಳು. ನಾನ್ ನೋಡ್ತಿದ್ದಂಗೇ ಕೈಮ್ಯಾಲೆ ಕಪ್ಪು ಬಳುದ್ಳು. ಸುತ್ತಿಗೆ ಅಲ್ಲೇ ಬಿದ್ದಿತ್ತು."

12.05ಕ್ಕೆ ಬಂಧನ. ಆತ ಕ್ಯಾನ್ವಾಸಿನಿಂದ ಕಿತ್ತು ತಂದಿದ್ದ ಗಾರೆಯ ತುಂಡು ಒಳಗೆ ಮೊರದಲ್ಲಿತ್ತು. ಆತನ ಹೆಂಡತಿ ಅಕ್ಕಯಮ್ಮ ಬೆಳಗಿನಿಂದ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದಳು. ಕಪ್ಪಿನಡಿಯಿಂದ ಮೂರು ಪುಟ್ಟ ಬೆರಳು ಹೊರಬಂದಿದ್ದವು.

"ಕೇಸ್ ಮುಗಿದ್ಮ್ಯಾಲೆ ಇವ್ಳಿಗೆ ಕೊಡ್ತೀರಾ?" ವೆಂಕಟೇಶಪ್ಪ ಕೇಳಿದ್ದು ಇಷ್ಟೇ.

"ಕೋರ್ಟ್ ಹೇಳ್ಬೇಕು."

ಅಕ್ಕಯಮ್ಮ ತಲೆ ಎತ್ತಲಿಲ್ಲ. "ಇನ್ನೆರಡು ಬೆರ್ಳು ಒರೆಸ್ಕೊಡ್ತೀನವ್ವ, ಆಮ್ಯಾಕೆ ತಗೊಂಡೋಗಿ."

ಚಂದ್ರಲೇಖಾ ಆಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಆದರೆ ಸಾಕ್ಷ್ಯ ಸಾಕ್ಷ್ಯವೇ. ಆಕೆಯ ಕೈಯಿಂದ ಬಟ್ಟೆ ಬಿಡಿಸಿ, ತುಂಡನ್ನು ಇದ್ದ ಹಾಗೆಯೇ ಕಟ್ಟಿಸಿ ಅರಗಿನ ಮುದ್ರೆ ಹಾಕಿಸಿದರು.