ಮಶೀನ ಗರಡಿಯ ಹಗ್ಗ

ದಿನಾಂಕ 24 ನವೆಂಬರ್ 1992, ಮಂಗಳವಾರ, ಅಮಾವಾಸ್ಯೆ. ಬೆಳಿಗ್ಗೆ ಎಂಟರ ಹೊತ್ತಿಗೆ ಒಬ್ಬಾತ ಬರಿಗಾಲಲ್ಲಿ ರಾಣೇಬೆನ್ನೂರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ. ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು, ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ಹೆಸರು ಕೃಷ್ಣಾಜಿ. ಬಸ್ ನಿಲ್ದಾಣದ ಹಿಂದೆ ಕಾಳಿನ ಅಂಗಡಿಯ ಮೇಲಿನ ಮಹಡಿಯಲ್ಲಿ ದೀಪಾವಳಿಗೆ ಜಿಮ್ ತೆರೆದಿದ್ದವನು. ಯಂತ್ರಗಳೆಲ್ಲ ಹುಬ್ಬಳ್ಳಿಯಿಂದ ಬಂದವು. ಊರವರ ಬಾಯಲ್ಲಿ ಅದು ‘ಮಶೀನ ಗರಡಿ’.

“ಮಶೀನಿನ ಹಗ್ಗ ಹರದೈತ್ರಿ ಸಾಹೇಬ್ರ. ತಾನಾಗೇ ಹರದಿಲ್ಲ, ಯಾರೋ ಕತ್ತರಿಸ್ಯಾರ. ಜಗ್ಗೂ ಸಲಾಕಿ ಬಂದು ಉಡಚಪ್ಪ ಅನ್ನೂ ಹುಡುಗನ ಹೆಗಲಿಗೆ ಬಡೀತು. ದವಾಖಾನಿಗೆ ಹಾಕಿ ಬಂದೇನಿ.”

“ಯಾರ ಮ್ಯಾಲೆ ಅನುಮಾನ?” ಸಬ್ ಇನ್ಸ್‌ಪೆಕ್ಟರ್ ಗುರುರಾಜ ಕೇಳಿದರು.

“ಗರಡಿ ಜಟ್ಟೆಪ್ಪನ ಮ್ಯಾಲೆ. ಅವನ ಶಿಷ್ಯಾರು ಒಬ್ಬೊಬ್ರ ನನ್ನ ಕಡೆ ಬರಾಕತ್ತಾರ. ಹೊಟ್ಟ್ಯಾಗ ಬೆಂಕಿ ಬೀಳದ ಇರತೈತೇನ್ರಿ?”

ಭಾರತ ದಂಡ ಸಂಹಿತೆಯ ಕಲಂ 326 ಮತ್ತು 427ರ ಅಡಿ ಎಫ್ಐಆರ್ ದಾಖಲಾಯಿತು. ಬೇಕೆಂದೇ ತೀವ್ರ ಗಾಯ, ಜೊತೆಗೆ ಆಸ್ತಿಗೆ ಹಾನಿ. 326 ಎಂದರೆ ಹುಡುಗಾಟವಲ್ಲ, ಆರೋಪಿಯ ಅರ್ಧ ಆಯುಷ್ಯ ಜೈಲಿನಲ್ಲೇ ಕಳೆಯಬಹುದು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಕಾಳಿನ ಅಂಗಡಿಯ ತಿರಕಪ್ಪನೂ ಪಕ್ಕದ ಮನೆಯವನೂ ಪಂಚರು. ಹೆಡ್ ಕಾನ್‌ಸ್ಟೇಬಲ್ ಶಾಬುದ್ದೀನ ತುಂಡಾದ ಉಕ್ಕಿನ ಹಗ್ಗವನ್ನು ಕಿಟಕಿಯ ಬೆಳಕಿಗೆ ಹಿಡಿದ. ಅರ್ಧದಷ್ಟು ಎಳೆಗಳು ನೀಟಾಗಿ ತುಂಡಾಗಿದ್ದವು, ಉಳಿದವು ಜಗ್ಗಿ ಹರಿದಿದ್ದವು.

“ಕಟಿಂಗ್ ಪ್ಲೇಯರ್ ಕೆಲಸರಿ ಇದು. ಹಗ್ಗ ಗಾಲಿ ಸುತ್ತಿದ್ದ ಕಡೆ, ಒಳಮಗ್ಗಲಿನ ಎಳಿ ಅಷ್ಟ ಚಿವುಟ್ಯಾನ. ಹಂಗ ನೋಡಿದ್ರ ಕಾಣಂಗಿಲ್ಲ, ಒರಸಿದ್ರ ಅಷ್ಟ ಕೈಗೆ ಸಿಗತೈತಿ. ದಿನಾ ಇದನ್ನ ಮಾಡೂ ಕೈ.”

ಗುರುರಾಜರು ಕೃಷ್ಣಾಜಿಯತ್ತ ತಿರುಗಿದರು. “ನಿನ್ನೆ ಯಾರ್ ಬಂದಿದ್ರು?”

“ನೋಡಾಕ ಅಂತ ಭಾಳ ಮಂದಿ ಬರತಾರ್ರಿ. ಹೊಸಾದು ನೋಡ್ರಿ, ಎಲ್ಲಾರ್ಗೂ ಅನುಮಾನ. ದಾವಣಗೆರಿ ಜಿಮ್ ಚೊಲೋನೋ ಇದು ಚೊಲೋನೋ, ಗಾಳಿ ಆಡತೈತೇನು, ಕಲಸಾಕ ಯಾರದಾರ, ಫೀ ಎಷ್ಟು, ಎಲ್ಲಾ ಕೇಳತಾರ. ನಿನ್ನೆ ಸಂಜಿಮುಂದ ಬಂದಾಂವ ಒಬ್ಬ ಮಾತ್ರ ಫೀ ಕೇಳಲಿಲ್ಲ. ಒಂದೊಂದ ಮಶೀನ ಮುಟ್ಟಿ ನೋಡಿದ. ನಾಳೆ ಅಮಾಸಿ, ಪೂಜಿ ಯಾರ್ ಮಾಡತೀರಿ ಅಂದ.”

“ನೀ ಏನಂದಿ?”

“ನಾನ ಮಾಡತೀನಿ, ಎಲ್ಲಾ ಮಶೀನ ಒರಸಿ ಕುಂಕುಮ ಹಚ್ಚತೀನಿ ಅಂದೆ. ಅಷ್ಟೊತ್ತಿಗೆ ಕರೆಂಟ್ ಹೋತು. ಮೇಣದಬತ್ತಿ ತರಾಕ ಕೆಳಗ ಇಳದೆ.”

“ಇವತ್ತ ಒರಸೂ ಮುಂದ ಹಗ್ಗ ಕತ್ತರಿಸಿದ್ದು ಯಾಕ ಕಾಣಲಿಲ್ಲ?”

“ನಾ ಇನ್ನೂ ದೇವರ ಫೋಟೋಕ್ಕ ಊದಿನಕಡ್ಡಿ ಹಚ್ಚಾಕತ್ತಿದ್ದೆ. ಹುಡುಗ ಆಗ್ಲೇ ಸಲಾಕಿ ಹಿಡದಿದ್ದ.”

“ನಿನ್ನೆ ಬಂದಾಂವ ಹ್ಯಾಂಗಿದ್ದ?”

“ಐವತ್ತು ದಾಟೇತಿ. ಕಿವಿ ಎರಡೂ ಮುದ್ದಿ ಆಗ್ಯಾವ. ಅಂಗಿ ತುಂಬ ಅರಳಿ ಎಳಿ.”

ಶಾಬುದ್ದೀನ ಗುರುರಾಜರ ಮುಖ ನೋಡಿದ. ಕಿವಿ ಮುದ್ದೆಯಾಗುವುದು ಕುಸ್ತಿಯಲ್ಲಿ ತಲೆಗೆ ತಲೆ ತಿಕ್ಕಿದವರಿಗೆ. ಅಂಗಿಗೆ ಅರಳೆ ಹತ್ತುವುದು ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವವರಿಗೆ. ರಾಣೇಬೆನ್ನೂರಿನಲ್ಲಿ ಎರಡಕ್ಕೂ ಬರವಿಲ್ಲ, ಆದರೆ ಎರಡೂ ಕೂಡಿದವರು ಬೆರಳೆಣಿಕೆಯಷ್ಟು.

ಗರಡಿಮನೆಗೆ ಬೀಗ ಹಾಕಿತ್ತು. ಹೊರಗಿನ ಕಟ್ಟೆಯ ಮೇಲೆ ಉಸ್ತಾದ ಜಟ್ಟೆಪ್ಪ ಕುಳಿತಿದ್ದ. ಶಾಬುದ್ದೀನ ಹರೆಯದಲ್ಲಿ ಇದೇ ಮಣ್ಣಿನಲ್ಲಿ ಬಿದ್ದೆದ್ದವನು, ಟೊಪ್ಪಿಗೆ ತೆಗೆದು ನಮಸ್ಕರಿಸಿದ.

“ಉಸ್ತಾದ್ರ, ನಿಮ್ಮ ಮ್ಯಾಲೆ ಮಾತು ಬಂದೈತಿ.”

“ಬರ್ಲಿ, ನನಗೂ ಸುದ್ದಿ ಮುಟ್ಟೇತಿ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ ಈ ಮುದುಕ. “ಸಾಹೇಬ್ರ, ಗರಡಿಯಾಂವ ಮಾಡಿದ್ರೂ ಮಾಡಿರಬೇಕು. ಆದ್ರ ಹುಡುಗಗ ಪೆಟ್ಟಾಗ್ಲಿ ಅಂತ ಮಾಡಿರೂದಿಲ್ಲ.”

“ಹ್ಯಾಂಗ ಹೇಳತೀರಿ?”

“ಇವತ್ತ ಅಮಾಸಿ. ಅಮಾಸಿಗೆ ನಾವು ಮಣ್ಣ ಮುಟ್ಟಂಗಿಲ್ಲ, ಒಂದ ಬೈಠಕ್ ಹೊಡಿಯಂಗಿಲ್ಲ. ನಮ್ಮಾಂವಗ ಇವತ್ತ ಒಬ್ಬ ಸಾಧನಿ ಮಾಡಾಕ ಹೋಗತಾನ ಅನ್ನೂದು ಕನಸಿನ್ಯಾಗೂ ಹೊಳಿಯೂದಿಲ್ಲ. ಒರಸೂ ಹೊತ್ತಿನ್ಯಾಗ ಹಗ್ಗ ಹರದದ್ದು ಕಾಣತೈತಿ, ಮಶೀನ ನಂಬಂಗಿಲ್ಲ ಅಂತ ಊರಾಗ ಸುದ್ದಿ ಆಗತೈತಿ, ಅಷ್ಟ ಅವನ ಲೆಕ್ಕ.”

ಹಿಂದಿನ ದಿನವೇ ಅಮಾವಾಸ್ಯೆಯ ಪೂಜೆ ವಿಚಾರಿಸಿದವನ ಮನಸ್ಸು ಗುರುರಾಜರಿಗೆ ಈಗ ಅರ್ಥವಾಯಿತು. ಕಿವಿಯ ಗುರುತು, ಮಿಲ್ಲಿನ ಗುರುತು ಹೇಳಿ ಹೆಸರು ಕೇಳಿದರು. ಮುದುಕ ತಲೆ ಅಲ್ಲಾಡಿಸಿದ.

“ಹೆಸರು ನನ್ನ ಬಾಯಿಲೆ ಬ್ಯಾಡ. ದವಾಖಾನಿಗೆ ಹೋಗ್ರಿ, ಅಲ್ಲೇ ಇದ್ದಾನು. ಇನ್ನೊಂದ ಮಾತು. ಉಡಚಪ್ಪ ನನ್ನ ಬಿಟ್ಟು ಹೋದಾಂವಲ್ಲ. ನಾನ ಕಳಿಸೇನಿ.”

“ನೀವ?”

“ಧಾರವಾಡದಾಗ ಪೊಲೀಸ್ ಭರ್ತಿಗೆ ಟೇಪು ಹಿಡದು ಎದಿ ಅಳೀತಾರ. ಹೋದ ವರ್ಷ ಹುಡುಗನ ಎದಿ ಕಡಿಮಿ ಬಿತ್ತು, ಹೊರಗ ಉಳದ. ದಾವಣಗೆರಿಗೂ ಹೋಗಿ ನೋಡಿ ಬಂದೆ, ಇದನ್ನೂ ನೋಡಿದೆ. ಎದಿ ಹಿಗ್ಗಾಕ ಈ ಮಶೀನ ಚೊಲೋ ಅನಸ್ತು. ಹೋಗಪಾ ಅಂದೆ. ಯಾರ ಮುಂದೂ ಹೇಳಬ್ಯಾಡ ಅಂತಾನೂ ಅಂದೆ. ಉಸ್ತಾದನೇ ಮಶೀನಿಗೆ ಕಳಿಸಿದ ಅಂದ್ರ ಉಳಿದ ಹುಡುಗ್ರು ಗರಡಿ ಮೆಟ್ಟಲಾ ಹತ್ತತಾರೇನು?”

ಆಸ್ಪತ್ರೆಯಲ್ಲಿ ಡಾಕ್ಟರು ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಎಲುಬು ಮುರಿದಿದೆ ಎಂದರು. ಬಲಗೈ ಎರಡು ತಿಂಗಳು ಎತ್ತುವಂತಿಲ್ಲ. ಭರ್ತಿ ಇದ್ದದ್ದು ಡಿಸೆಂಬರ್ ಮೊದಲ ವಾರ, ಮತ್ತು ಉಡಚಪ್ಪನ ವಯಸ್ಸಿನ ಮಿತಿ ಈ ಸಲಕ್ಕೆ ಮುಗಿಯುತ್ತಿತ್ತು. ಖಾಕಿ ತೊಡುವ ಆಸೆಗೆ ಅಂದೇ ತೆರೆ ಬಿತ್ತು. ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ್ದ. ತಾಯಿ ಹೊಳಿಯವ್ವ ಮಂಚದ ಪಕ್ಕದಲ್ಲಿ ಕೂತಿದ್ದಳು.

“ಇವರಪ್ಪ ಎಲ್ಲವ್ವಾ?” ಗುರುರಾಜರು ಕೇಳಿದರು.

“ಹೊರಗ ಬೇವಿನ ಗಿಡದ ಬುಡಕ ಕುಂತಾರ್ರಿ. ಒಳಗ ಬರ್ರಿ ಅಂದ್ರ ಬರವಲ್ರು.”

ಬೇವಿನ ಕೆಳಗೆ ಗುಡದಪ್ಪ ಮಂಡಿ ಅಪ್ಪಿ ಕೂತಿದ್ದ. ಐರಣಿ ಊರಿನವನು, ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಎರಡೂ ಕಿವಿ ಮುದ್ದೆ. ಪೊಲೀಸರನ್ನು ಕಂಡು ಎದ್ದವನು ಕೇಳುವ ಮುಂಚೆಯೇ ಅಂಗಿಯ ಕಿಸೆಯಿಂದ ಪ್ಲೇಯರ್ ತೆಗೆದು ಶಾಬುದ್ದೀನನ ಕೈಗಿಟ್ಟ.

“ನೀನ ಕತ್ತರಿಸಿದ್ಯಾ?”

“ಹೂಂರಿ.”

“ಮಗನ ಮ್ಯಾಲೆ ಸಿಟ್ಟಿತ್ತೇನು?”

“ಮಗನ ಮ್ಯಾಲೆ ಏನ್ ಸಿಟ್ರಿ? ನಾ ಇಪ್ಪತ್ತು ವರ್ಷ ಆ ಗರಡಿಗೆ ಹೊಳಿ ಮಣ್ಣ ಹೊತ್ತೇನಿ. ಉಸ್ತಾದ ನನಗ ತಂದಿ ಇದ್ದಂಗ. ನನ್ನ ಮಗನೇ ಅವನ್ನ ಬಿಟ್ಟ ಅಂದ್ರ ನಾ ಯಾವ ಮುಖಾ ಇಟ್ಕೊಂಡು ಅಲ್ಲಿ ಹೋಗ್ಲಿ? ಮಶೀನ ಹಾಳಾದ್ರ ತಿರುಗಿ ಬರತಾನ ಅನ್ಕೊಂಡೆ. ಅಮಾಸಿ ದಿನಾ ಅಂವಾ ಮೈ ದಣಿಸಾಂವಲ್ರಿ, ಸಣ್ಣಾವಿದ್ದಾಗಿಂದ ನಾನ ಕಲಿಸೇನಿ. ಹ್ಯಾಂಗ ಹ್ವಾದಾ?”

ಮಧ್ಯಾಹ್ನ ಒಂದೂವರೆಗೆ ಜಪ್ತಿ ಪಂಚನಾಮೆ ಆಯಿತು, ಕೃಷ್ಣಾಜಿ ಬಂದು ಗುರುತು ಹಿಡಿದ, ದಸ್ತಗಿರಿ ಆಯಿತು. ಗುಡದಪ್ಪ ಜೀಪು ಹತ್ತುವಾಗ ವಾರ್ಡಿನ ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಸುದ್ದಿ ಹೇಳುವ ಕೆಲಸ ಗುರುರಾಜರ ಪಾಲಿಗೇ ಬಂತು. ಉಡಚಪ್ಪ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದ. ಹೊಳಿಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಭರ್ತಿಗೆ ದಿನಾ ಕಡಿಮಿ ಉಳದಿದ್ವು, ಅದಕ್ಕ ಅಮಾಸಿ ಅಂತ ನೋಡಲಿಲ್ರಿ,” ಎಂದ ಹುಡುಗ. ಸ್ವಲ್ಪ ತಡೆದು, “ಸಾಹೇಬ್ರ, ಉಸ್ತಾದ್ರು ನನ್ನ ಕಳಿಸಿದ್ದು ನಿಮಗ ಗೊತ್ತಾಗೇತೇನು?”

“ಹೇಳ್ಯಾರ.”

“ಅಪ್ಪಗ ಹೇಳಬ್ಯಾಡ್ರಿ. ಉಸ್ತಾದ್ರ ಮರ್ಯಾದಿ ಉಳಸಾಕ ಮಾಡೀನಿ ಅಂತ ಅನ್ಕೊಂಡಾನ. ಅದೂ ಸುಳ್ಳಂತ ತಿಳದ್ರ ಅವನ ಕಡೆ ಏನೂ ಉಳಿಯೂದಿಲ್ಲ.”

ಸಿಗಬೇಕಿದ್ದ ಕೆಲಸ ಹೋಯಿತು, ಎಲುಬು ಮುರಿಯಿತು, ಆದರೂ ಹುಡುಗನ ಚಿಂತೆ ಅಪ್ಪನದು. ಗುರುರಾಜರ ಕಣ್ಣು ತುಂಬಿ ಬಂತು. ಅವರು ಟೊಪ್ಪಿಗೆ ಹಾಕಿಕೊಂಡು ಹೊರಗೆ ನಡೆದರು.

ಠಾಣೆಗೆ ಬಂದು ಜಟ್ಟೆಪ್ಪನ ಹೇಳಿಕೆ ಬರೆದುಕೊಂಡರು. ಅಮಾವಾಸ್ಯೆಯ ಕಟ್ಟಳೆಯನ್ನು ಪೂರ್ತಿ ಬರೆದರು, ಅದು ಕೇಸಿಗೆ ಬೇಕಿತ್ತು. ಹುಡುಗನನ್ನು ಕಳಿಸಿದವರು ಯಾರು ಎಂಬುದು ಅಪರಾಧವನ್ನು ಹೆಚ್ಚಿಸುವಂಥದ್ದಲ್ಲ, ಕಡಿಮೆ ಮಾಡುವಂಥದ್ದೂ ಅಲ್ಲ. ಅದನ್ನು ಬರೆಯಲಿಲ್ಲ. ಬಳಿಕ ಕಲಂ 326 ಕೈಬಿಟ್ಟು, ಅಜಾಗರೂಕತೆಯಿಂದ ತೀವ್ರ ಗಾಯ ಎಂಬ 338 ಅಳವಡಿಸುವುದಾಗಿ ನ್ಯಾಯಾಲಯಕ್ಕೆ ವರದಿ ಸಿದ್ಧಪಡಿಸಿದರು. ಹಗ್ಗ ಕತ್ತರಿಸಿದ ಕೈಯ ಹಿಂದೆ ದ್ವೇಷವಿರಲಿಲ್ಲ. ಗುರುವಿನ ಮುಂದೆ ತಲೆತಗ್ಗಿಸಬೇಕಾದೀತೆಂಬ ಅಂಜಿಕೆ ಇತ್ತು, ಮಗನಿಗೆ ತಾನು ಕಲಿಸಿದ್ದು ಹಾಗೇ ಉಳಿದಿದೆ ಎಂಬ ನಂಬಿಕೆ ಇತ್ತು. ಆ ನಂಬಿಕೆಯೇ ಮಗನ ಎಲುಬು ಮುರಿಯಿತು.

ಸಂಜೆ ಗುಡದಪ್ಪ ಕೇಳಿದ: “ಉಸ್ತಾದ ಏನಂದಾನ್ರಿ?”

“ಗರಡಿಯಾಂವ ಮಾಡಿದ್ರ ಹುಡುಗಗ ಪೆಟ್ಟಾಗ್ಲಿ ಅಂತ ಮಾಡಿರೂದಿಲ್ಲ ಅಂದ್ರು.”

“ನನ್ನ ತಿಳಕೊಂಡಾಂವ ಅಂವಾ ಒಬ್ಬನ ನೋಡ್ರಿ.” ಇಡೀ ದಿನದಲ್ಲಿ ಮೊದಲ ಸಲ ಅವನ ಮುಖ ಕೊಂಚ ಅರಳಿತು.

ಗುರುರಾಜರು ಫೈಲು ಕಟ್ಟಿಟ್ಟರು. ಶಾಬುದ್ದೀನ ರೊಟ್ಟಿ, ಪಲ್ಯ ತಂದಿಟ್ಟ. ಗುಡದಪ್ಪ ರೊಟ್ಟಿ ಮುರಿದವನು ಬಾಯಿಗಿಡದೆ ಹಾಗೇ ಹಿಡಿದು ಕೂತ.

“ಸಾಹೇಬ್ರ, ಅಂವಗ ಎಡಗೈಲೆ ಉಣ್ಣಾಕ ಬರೂದಿಲ್ಲ. ತುತ್ತು ಮಾಡಿ ತಿನಸು ಅಂತ ಅವರವ್ವಗ ಯಾರಾದ್ರೂ ಹೇಳ್ರಿ.”