ಕಡಲನ್ನು ನೋಡು, ನನ್ನನ್ನಲ್ಲ

ಎಲಾದಿಯೊ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರಿಂದ ಆ ಬೆಳಿಗ್ಗೆ ನಾನು ಸಾಯುವುದರಲ್ಲಿದ್ದೆ.

ಅಲೆ ಬಡಿಯುವ ಬಂಡೆಯ ಸಂದಿಗೆ ಇಳಿದು ಪೆರ್ಸೆಬೆ ಎಂಬ ತಿನ್ನುವ ಚಿಪ್ಪುಜೀವಿಗಳನ್ನು ಕೆತ್ತಿ ತೆಗೆದು ಮಾರುವುದು ನನ್ನ ಕೆಲಸ. ನನ್ನ ಸೊಂಟದ ಹಗ್ಗದ ಇನ್ನೊಂದು ತುದಿ ಮೇಲೆ ಅವನ ಕೈಯಲ್ಲಿತ್ತು. ಹಗ್ಗ ಹಿಡಿದವರು ಕಡಲನ್ನು ನೋಡಬೇಕು, ದೊಡ್ಡ ಅಲೆ ಬಂದರೆ ಕೂಗಬೇಕು. ಈ ಮಹಾರಾಯ ಕೂಗಲೇ ಇಲ್ಲ. ಅಲೆ ನನ್ನನ್ನು ಎತ್ತಿ ಬಂಡೆಗೆ ಅಪ್ಪಳಿಸಿತು. ಮೊಣಕೈ ಸುಲಿದುಹೋಯಿತು, ಚೀಲ ನೀರುಪಾಲಾಯಿತು.

"ಎಲ್ಲಿ ನೋಡ್ತಾ ಇದ್ದೆ?" ಮೇಲೆ ಹತ್ತಿ ಬಂದವಳೇ ಅರಚಿದೆ.

"ನಿನ್ನನ್ನೇ." ಅವನ ಮುಖ ಬಿಳುಚಿಕೊಂಡಿತ್ತು. "ಕೆಲಸ ಮಾಡುವಾಗ ನಾಲಿಗೆ ಕಚ್ಕೊಂಡಿರ್ತೀಯಲ್ಲ ಸಬೇಲಾ, ಅದು..."

"ಥೂ! ಸಂಜೆ ಬಸ್ಸು ಹತ್ತಿ ನಿನ್ನೂರಿಗೆ ಹೋಗು."

ಬೇಸಿಗೆಯಲ್ಲಿ ಕಡಲು ನೋಡಲೆಂದು ದೂರದ ಒಳನಾಡಿನ ಊರು ವಯಾದೊಲಿದ್‌ನಿಂದ ಬಂದವನು ಅವನು. ಪಿಯಾನೊ ರಿಪೇರಿಯವನು. ಉಳಿದ ಪ್ರವಾಸಿಗರೆಲ್ಲ ಹೋದರೂ ಇವನು ಹೋಗಲಿಲ್ಲ. ನನ್ನ ಮನಸ್ಸೂ ಜಾರಿತ್ತು, ಸುಳ್ಳೇಕೆ ಹೇಳಲಿ! ಮದುವೆಯಾಗಿ ತನ್ನೂರಿಗೆ ಬಾ ಎಂದಾಗ ಮಾತ್ರ ಖಡಾಖಂಡಿತವಾಗಿ ಹೇಳಿದ್ದೆ: ಈ ಬಂಡೆ ಬಿಟ್ಟು ಬರುವವಳು ನಾನಲ್ಲ. ಅದುವರೆಗೆ ನನ್ನ ಹಗ್ಗ ಹಿಡಿಯುತ್ತಿದ್ದ ಸೋದರತ್ತೆ ದೋರಿಂದಾಗೆ ಕಣ್ಣಿನ ಪೊರೆ ಬಂದಿತ್ತು. ಬೇರೆ ಯಾರೂ ಸಿಗದಿದ್ದರೆ ನನ್ನ ಕೆಲಸವೇ ಹೋಗುತ್ತಿತ್ತು. "ಹಾಗಾದ್ರೆ ನಾನು ಹಿಡೀತೀನಿ," ಎಂದಿದ್ದ.

ಬಸ್ಸು ಹೋಯಿತು, ಅವನು ಹೋಗಲಿಲ್ಲ. ನಾನು ಕೆಳಗಿಳಿಯುವುದನ್ನು ನಿಲ್ಲಿಸಿದ್ದೆ; ಅವನು ಮಾತ್ರ ಮರುದಿನದಿಂದ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಗ್ಗವಿಲ್ಲದೆಯೇ ಬಂಡೆಯ ಮೇಲೆ ನಿಂತು ಅಭ್ಯಾಸ ಮಾಡತೊಡಗಿದ. ಮಳೆಯಿರಲಿ ಗಾಳಿಯಿರಲಿ, ಬರುವ ಅಲೆಗಳನ್ನು ಮೊದಲೇ ಕೂಗಿ ಹೇಳುವುದು. ತಪ್ಪಿದರೆ, ಸದ್ದಿನಿಂದಲೇ ಅಲೆಯನ್ನು ಗುರುತಿಸುವ ಅತ್ತೆಯ ಊರುಗೋಲು ಅವನ ಮೊಣಕಾಲಿಗೆ ಬೀಳುತ್ತಿತ್ತು.

"ಮೀನು ಮಾರೋ ಹುಡುಗೀರು ಶಿಳ್ಳೆ ಹೊಡೆದ್ರೂ ತಿರುಗಿ ನೋಡಲಿಲ್ಲ ಕಣೇ," ಎಂದು ಅತ್ತೆ ಒಂದು ದಿನ ಸೂಪು ಕುಡಿಯುತ್ತ ಹೇಳಿದಳು. "ಹಠಮಾರಿ. ನಿನಗೆ ಸರಿಯಾದ ಜೋಡಿ."

"ಶಿಳ್ಳೆ ಹೊಡೆದೋರು ಯಾರು?"

"ನಿನಗ್ಯಾಕಮ್ಮ? ಬಸ್ಸು ಹತ್ತು ಅಂದೋಳು ನೀನೇ ಅಲ್ವಾ!"

ಮರುದಿನ ಬೆಳಿಗ್ಗೆ ಹಗ್ಗ ಅವನ ಕೈಗಿಟ್ಟೆ. ಕೆಳಗಿಳಿದು ಕೂಗಿದೆ: "ಎಲಾದಿಯೊ, ಸ್ವಲ್ಪ ಇಲ್ಲಿ ನೋಡೋ!"

"ಆಗಲ್ಲ."

"ನಾಲಿಗೆ ಕಚ್ಕೊಂಡಿದೀನಿ."

"ಕಚ್ಕೋ."

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇವನನ್ನು ನಾನು ಬಿಟ್ಟುಕೊಡುವುದಿಲ್ಲ ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟೆ.

"ಕೇಳಿಸ್ಕೋ, ನಾನು ನಿನ್ನನ್ನ ಮದುವೆ ಆಗ್ತೀನಿ!"

ಅವನ ಕಿವಿ ಕೆಂಪಾದದ್ದು ಕೆಳಗಿನಿಂದಲೇ ಕಂಡಿತು. ಕಣ್ಣು ಮಾತ್ರ ಕಡಲಿನಿಂದ ಕದಲಲಿಲ್ಲ.

"ಅಲೆ! ಹತ್ತು, ಹತ್ತು!"

ಹಗ್ಗ ಬಿಗಿಯಾಯಿತು. ಒದ್ದಾಡಿಕೊಂಡು ಮೇಲೆ ಬಂದು ಬಿದ್ದೆ. ನಾನು ನಿಂತಿದ್ದ ಸಂದಿಯನ್ನು ನೀರು ಪೂರ್ತಿ ನುಂಗಿಹಾಕಿತು.

"ನಾನು ಹೇಳಿದ್ದು ಕೇಳಿಸ್ತಾ?" ಏದುಸಿರು ಬಿಡುತ್ತ ಕೇಳಿದೆ.

"ಕೇಳಿಸ್ತು," ಎಂದ, ಕಡಲನ್ನೇ ನೋಡುತ್ತ.

"ಮತ್ತೆ, ಈಗಲಾದ್ರೂ ನೋಡಬಾರದಾ?"

"ಮೊದಲು ಹಗ್ಗ ಬಿಚ್ಚು."

ಬಿಚ್ಚಿದೆ. ಆಮೇಲೆ ಅವನು ತಿರುಗಿ ನನ್ನನ್ನು ನೋಡಿದ.